ಮೂಲೆ ಮಡಿಸುವ ಪಾಠ

ಮೊದಲು ಚಾದರದ ಅಂಚು ಹಿಡಿ, ಲೈಸಾವಿ.
ಎಳೆಯಬೇಡ, ಹಿಡಿ.
ಹಾಸಿಗೆಯಡಿ ಕೈ ತೂರಿಸು, ಅಂಗೈ ಮೇಲಾಗಿ,
ಕೂಸಿನ ತಲೆಗೆ ಆಸರೆ ಕೊಡುವ ಹಾಗೆ.
ಈಗ ಮಡಿಸು. ಓರೆಯಾಗಿ.
ಲಕೋಟೆಯ ಮೂಲೆ ನೋಡಿದ್ದೀಯಲ್ಲ, ಹಾಗೆ.
ಇಲ್ಲ. ಬಿಚ್ಚು. ಇನ್ನೊಮ್ಮೆ.

ಪೋರ್ಟ್ ವಿಲಾದ ಈ ಹೋಟೆಲಿನಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಬಾಯಲ್ಲಿ ಇದೇ ಮಾತು.
ಎಷ್ಟು ಜನರ ಕೈಗೆ ಈ ಮೂಲೆ ಹತ್ತಿಸಿದೆನೋ
ಲೆಕ್ಕ ಇಟ್ಟಿಲ್ಲ. ಇಟ್ಟವರು ಆಫೀಸಿನಲ್ಲಿದ್ದಾರೆ.
ಗೋಡೆ ತುಂಬ ಗುಂಪುಫೋಟೋ, ಬ್ಯಾಚಿಗೆ ಒಂದು,
ಎಲ್ಲರ ಎದೆಯ ಮುಂದೆ ಸರ್ಟಿಫಿಕೇಟು.
ಫೋಟೋದಲ್ಲಿ ಯಾರೂ ಕೆಲಸ ಬಿಟ್ಟಿಲ್ಲ.

ಟೋವಾರ ಹೋದ, ಆಸ್ಟ್ರೇಲಿಯಾಕ್ಕೆ, ಟೊಮೇಟೊ ಕೀಳಲು.
ವೋಟೌಸಿ ಹೋದಳು, ಬ್ರಿಸ್ಬೇನಿನಾಚೆಯ ಒಂದು ವೃದ್ಧಾಶ್ರಮಕ್ಕೆ.
ಬಾರಿನ ಹುಡುಗ ಕಾಲ್ತಬಾಂಗ್,
ಎರಡನೇ ದಿನಕ್ಕೇ ಗಿರಾಕಿಯ ಹೆಸರು, ಅವರ ನಾಯಿಯ ಹೆಸರು
ಬಾಯಿಪಾಠ ಮಾಡಿರುತ್ತಿದ್ದವ, ಕಸಾಯಿಖಾನೆಗೆ ಹೋದ.
ಇಲ್ಲಿ ಕುರಿಗಳಿಗೆ ಹೆಸರಿಲ್ಲ ಅಂತ ಫೋನಿನಲ್ಲಿ ನಕ್ಕ.
ಒಳ್ಳೆಯವರೇ ಮೊದಲು ಹೋಗುತ್ತಾರೆ.
ಅವರಿಗೆ ಶಿಫಾರಸು ಪತ್ರ ಬರೆಯುವವಳೂ ನಾನೇ:
ಶ್ರಮಜೀವಿ, ಹೊತ್ತಿಗೆ ಸರಿಯಾಗಿ ಬರುವವರು, ನಗುಮುಖ.
ಸುಳ್ಳು ಬರೆಯಲು ನನಗೆ ಕೈ ಬರುವುದಿಲ್ಲ.

ಹೊಸ ಮ್ಯಾನೇಜರು ಒಂದು ಫಾರಂ ಮಾಡಿಸಿದ್ದಾರೆ,
ಬಿಟ್ಟುಹೋಗುವವರಿಗೆ ಹದಿನಾಲ್ಕು ಪ್ರಶ್ನೆ.
ಕಾರಣವೇನು ಎಂಬಲ್ಲಿ ಮೂರು ಗೆರೆ ಖಾಲಿ.
ಅಂಗೈ ಹುಣ್ಣಿಗೆ ಇಷ್ಟುದ್ದದ ಕನ್ನಡಿ.
ಒಬ್ಬಳು ಬರೆದಳು: ತಗಡು.
ಅಷ್ಟೇ. ಉಳಿದದ್ದು ಖಾಲಿ.
ಅವರು ನನ್ನನ್ನು ಕರೆಸಿ ಅರ್ಥ ಕೇಳಿದರು.
ಮನೆಯ ಮೇಲಿನದು ಸರ್, ಚಂಡಮಾರುತ ಒಯ್ದದ್ದು, ಅಂದೆ.
ಇಲ್ಲಿ ಉಳಿಸಿದರೆ ವರ್ಷಕ್ಕೆ ಎರಡು ತಗಡು,
ಅಲ್ಲಿ ಒಂದು ಸೀಸನ್ನಿಗೆ ಇಡೀ ಸೂರು.
ಅವರು ತುಂಬ ಹೊತ್ತು ತಲೆಯಾಡಿಸಿದರು. ಆಮೇಲೆ
‘ತಿಂಗಳ ಉತ್ತಮ ನೌಕರ’ರಿಗೆ ಇನ್ನು ಮೇಲೆ
ಕೇಕೂ ಇರಲಿ ಅಂದರು.

ಇದೇ ಹನ್ನೆರಡನೇ ಕೋಣೆಗೆ ಮೊನ್ನೆ ಬಂದಳು ವೋಟೌಸಿ.
ಗಿರಾಕಿಯಾಗಿ. ದುಡ್ಡು ಕೊಟ್ಟು. ಎರಡು ರಾತ್ರಿಗೆ.
ಜೊತೆಗೆ ತಾಯಿ. ಮಗಳು ಇಲ್ಲಿ ಆರು ವರ್ಷ ದುಡಿದಾಗ
ಅಡುಗೆಮನೆಯ ಹಿಂಬಾಗಿಲು ದಾಟದಿದ್ದವರು.
ಹೂವಿನ ಹಾರ ಹಾಕಲು ನಾನು ಕೈ ಎತ್ತಿದೆ, ಅವಳು ತಲೆ ತಗ್ಗಿಸಿದಳು,
ಎಲ್ಲಿ ನೋಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.
ತಾಯಿ ನೆಲದ ಮೇಲೆಯೇ ಮಲಗಿದರಂತೆ,
ಇಷ್ಟು ಬೆಳ್ಳಗಿರುವುದನ್ನು ಕೊಳೆ ಮಾಡುವುದು ಹೇಗೆ ಅಂತ.

ಇವತ್ತು ಬೆಳಿಗ್ಗೆ ಅವರು ಹೊರಟ ಮೇಲೆ
ನೀನೂ ನಾನೂ ಬಾಗಿಲು ತೆಗೆದರೆ
ಹಾಸಿಗೆ ಆಗಲೇ ಹಾಸಿತ್ತು.
ಕಾಲ ಕಡೆಯ ಎರಡೂ ಮೂಲೆ ಓರೆ, ಬಿಗಿ, ಸುಕ್ಕಿಲ್ಲ.
ನನ್ನ ಮಡಿಕೆಯೇ. ನನ್ನದಕ್ಕಿಂತ ಒಂದು ಕೈ ಮೇಲೇ ಇತ್ತೇನೋ,
ಬೇರೆಯವರ ಮುದುಕರ ಹಾಸಿಗೆ
ದಿನಕ್ಕೆ ನಲವತ್ತು ಸಲ ಹಾಸಿ ಹಾಸಿ.
ಸದ್ಯ, ಒಂದು ಕೋಣೆ ಉಳಿಯಿತು ಅಂದೆ ನೀನು.
ನಾನು ಆ ಮೂಲೆಯ ಮೇಲೆ
ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡಿದ್ದೆ.
ಆಮೇಲೆ ಒಂದೇ ಎಳೆತಕ್ಕೆ ಬಿಚ್ಚಿಹಾಕಿದೆ.
ನೀನು ಕಲಿಯಬೇಕಲ್ಲ.

ಹಿಡಿ ಅಂಚು. ಹೂಂ.
ಅಂಗೈ ಮೇಲೆ. ಹೂಂ, ಹಾಗೆ.
ಚೆನ್ನಾಗಿ ಬರುತ್ತಿದೆ, ಲೈಸಾವಿ.
ಇಷ್ಟು ಬೇಗ ಬರಬಾರದಿತ್ತು.

ಏನು ಕೇಳಿದೆ?
ಪಾಸ್‌ಪೋರ್ಟಿಗೆ ಎಷ್ಟು ದಿನ ಅಂತಲೆ?
ಆ ದಿಂಬು ಇತ್ತ ಕೊಡು.
ಆರು ವಾರ.
ಫೋಟೋದಲ್ಲಿ ಎರಡೂ ಕಿವಿ ಕಾಣಬೇಕು.